ಗಾಳಿಗೊಂದು ಬಿಲ್ಲೆ

ಫೆಬ್ರವರಿ ಒಂಬತ್ತು, ಭಾನುವಾರ, ಬೆಳಿಗ್ಗೆ ಆರೂ ಮುಕ್ಕಾಲು. ಕೊಟ್ಟಿಗೆಯ ಮಗ್ಗುಲಿನ ಶೆಡ್ಡಿನಲ್ಲಿ ನಮ್ಮ ಹಳೆಯ ಕಾರಿನ ಬಾನೆಟ್ ಎತ್ತಿ ಇಂಜಿನ್ನಿನ ಮೊದಲ ಬೋಲ್ಟ್ ಸಡಿಲಿಸಿದೆ. ಸುಲಭಕ್ಕೆ ಬರಲಿಲ್ಲ. ಸ್ಪ್ಯಾನರಿಗೆ ಕಬ್ಬಿಣದ ಪೈಪು ಸಿಕ್ಕಿಸಿ, ಬಂಪರಿಗೆ ಕಾಲು ಕೊಟ್ಟು ಎಳೆದ ಮೇಲೆ ಕಿರ್ ಎಂದು ತಿರುಗಿತು.

ಡೇರಿಗೆ ಹಾಲು ಹಾಕಿ ಬಂದ ಅಪ್ಪ ಖಾಲಿ ಕ್ಯಾನು ಕೆಳಗಿಡದೆ ನಿಂತು ನೋಡಿದರು.

"ಏನಮ್ಮಿ ಅದು? ಸತ್ತೋಗಿರೋದನ್ನ ಯಾಕ್ ಕೊಯ್ತಿದ್ಯಾ?"

"ಬದುಕ್ಸಕ್ಕೆ."

"ಆಯುದಪೂಜೆ ಆಗ್ತಿದ್ದಂಗೆ ಇನ್ನೆಲ್ಡು ಅಸ ಬತ್ತವೆ. ಈ ಶೆಡ್ಡು ಅವಕ್ಕೆ. ಪೂಜೆ ದಿನ ನಿನ್ ಕಾರು ತನ್ ಕಾಲ್ಮೇಲೆ ತಾನು ನಡ್ಕಂಡು, ಒಗೆ ಬಿಡ್ದೆ ಬಂದು ಬಾಗ್ಲಾಗೆ ನಿಂತ್ಕಂಡ್ರೆ ಇಟ್ಕೋ. ಇಲ್ಲಾಂದ್ರೆ ಗುಜರಿಯೋನ್ಗೆ ತೂಕಕ್ಕೆ ಆಕ್ತೀನಿ."

"ಬರೇ ನಡ್ಯೋದಲ್ಲಪ್ಪ. ನೂರೈವತ್ತು ಕುದ್ರೆ ಬಲ ಬರ್ಸ್ತೀನಿ."

"ಆಲು ಕೊಡ್ತೈತಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದರು.

ನಾನು ಕೋಲಾರದ ಕಡೆಯ ಒಂದು ಕಾರ್ಖಾನೆಯಲ್ಲಿ ಅಳತೆ ವಿಭಾಗದವಳು. ದಿನವಿಡೀ ಲೋಹದ ತುಂಡುಗಳನ್ನು ಅಳೆದು, ಬರೆದು, ಸರಿ ಇಲ್ಲದ್ದನ್ನು ಪಕ್ಕಕ್ಕಿಡುವುದು ನನ್ನ ಕೆಲಸ. ಮನೆಯಲ್ಲೂ ಅದೇ ಚಾಳಿ. ಯಾವ ದಿನ ಏನು ಬಿಚ್ಚಿದೆ, ಎಷ್ಟು ಸವೆದಿತ್ತು, ಎಲ್ಲವನ್ನೂ ತಾರೀಖು ಹಾಕಿ ಬರೆಯುತ್ತೇನೆ. ಆದರೆ ಕೂತಲ್ಲಿ ಕೂರಲಾಗದ ಸ್ವಭಾವ. ಕಂಪನಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಅದು ಲಾರಿಗಳ ಹಿಂದೆ ತೆವಳುವಾಗ ನನ್ನ ಬಲಗಾಲು ಇಲ್ಲದ ಎಕ್ಸಲರೇಟರ್ ಒತ್ತುತ್ತಿರುತ್ತದೆ. ನನಗೆ ಬೇಕಾಗಿದ್ದದ್ದು ರೇಸಿನ ಕಾರಲ್ಲ. ದಿನಾ ಕೆಲಸಕ್ಕೆ ಹೋಗಿಬರುವ, ಬಂಗಾರಪೇಟೆಯ ರೈಲ್ವೆ ಗೇಟಿನ ಮುಂದೆ ಬಿಸಿಯಾಗದೆ ಕಾಯುವ, ಆದರೆ ಕಾಲಿಟ್ಟರೆ ಬೆನ್ನನ್ನು ಸೀಟಿಗೆ ಒತ್ತುವ ಕಾರು. ಬಲ ಒಂದೇ ಬೇಕಿದ್ದರೆ ಕಷ್ಟವಿಲ್ಲ. ಬಲವೂ ಬೇಕು, ಬಾಳಿಕೆಯೂ ಬೇಕು ಅಂದಾಗ ಎಲ್ಲವೂ ಕಷ್ಟ.

ಬಿಚ್ಚಿದ ಇಂಜಿನ್ ಹಾಲಿನ ಟೆಂಪೋದಲ್ಲಿ ಚಾಂಪಿಯನ್ ರೀಫ್ಸಿಗೆ ಹೋಯಿತು. ಅಲ್ಲಿ ಕಾರ್ಮಿಕರ ಹಳೆಯ ಸಾಲುಮನೆಯೊಂದರ ಮುಂಭಾಗವನ್ನೇ ವರ್ಕ್‌ಶಾಪ್ ಮಾಡಿಕೊಂಡ ಒಬ್ಬ ಮೇಸ್ತ್ರಿ ಇದ್ದಾರೆ. ಸಿಲಿಂಡರ್ ಕೊರೆಯುವ ಯಂತ್ರ ಅವರ ಬಳಿ ಇದೆ. ವಯಸ್ಸು ಐವತ್ತು ದಾಟಿದೆ, ಮನೆಮಾತು ತಮಿಳು. ಅವರ ತಂದೆ ಅಲ್ಲಿನ ಚಿನ್ನದ ಗಣಿಯ ಕೆಳಗೆ ಕೆಲಸ ಮಾಡಿದವರು. ನನ್ನ ಪಟ್ಟಿ ಕೇಳಿದಾಗ ಮೇಸ್ತ್ರಿಯ ಹುಬ್ಬು ಏರುತ್ತಲೇ ಹೋಯಿತು: ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೋ, ಅದರ ಒತ್ತಡ ತಡೆಯುವ ಗಟ್ಟಿ ಪಿಸ್ಟನ್, ಹೊಸ ರಿಂಗು, ಎಣ್ಣೆ ತಣಿಸಲು ಬೇರೆ ಕೂಲರ್.

"ತಂಗಚ್ಚಿ, ಇದನ್ನ ಓಡಿಸ್ತೀಯೋ ಹಾರಿಸ್ತೀಯೋ?"

"ದಿನಾ ಕೆಲಸಕ್ಕೆ ತಗೊಂಡೋಗ್ಬೇಕು."

"ಅದೇ ಕಷ್ಟ. ಹಾರಿಸೋದಾದ್ರೆ ಸುಲಭ, ಒಂದೇ ಸಲ."

ಅವರ ಗೋಡೆಯ ಮೇಲೆ ಮೊಳೆ ಹೊಡೆದ ಒಂದು ಹಲಗೆ. ಮೊಳೆಗಳಿಗೆ ನಂಬರು ಕೆತ್ತಿದ ಹಿತ್ತಾಳೆ ಬಿಲ್ಲೆಗಳು. ಗಣಿಗೆ ಇಳಿಯುವಾಗ ಪ್ರತಿಯೊಬ್ಬರೂ ತಮ್ಮ ಬಿಲ್ಲೆ ತೆಗೆದುಕೊಂಡು ಹೋಗಿ, ಮೇಲೆ ಬಂದಾಗ ಮತ್ತೆ ತೂಗುಹಾಕಬೇಕಿತ್ತಂತೆ. ಪಾಳಿ ಮುಗಿದ ಮೇಲೂ ಮೊಳೆಯೊಂದು ಖಾಲಿ ಇದ್ದರೆ ಒಬ್ಬ ಇನ್ನೂ ಕೆಳಗೇ ಇದ್ದಾನೆ ಎಂದರ್ಥ. ಮೇಸ್ತ್ರಿ ಅದೇ ಪದ್ಧತಿಯನ್ನು ಇಂಜಿನ್ನಿಗೆ ತಂದಿದ್ದಾರೆ. ಬೇರಿಂಗಿನ ಬೋಲ್ಟಿಗೊಂದು, ಹೆಡ್ಡಿಗೊಂದು, ಎಣ್ಣೆ ಪೈಪಿಗೊಂದು ಬಿಲ್ಲೆ; ಅದನ್ನು ಬಿಚ್ಚಿದಾಗ ಬಿಲ್ಲೆ ಮೊಳೆಯಿಂದ ಇಳಿಯುತ್ತದೆ. ಬಿಗಿದವರೇ ಬಿಲ್ಲೆಯನ್ನು ಮತ್ತೆ ತೂಗುಹಾಕುವ ಹಾಗಿಲ್ಲ. ಇನ್ನೊಬ್ಬರು ಪರೀಕ್ಷಿಸಿ ತೂಗುಹಾಕಬೇಕು. ಒಂದು ಮೊಳೆ ಖಾಲಿ ಇದ್ದರೂ ಕೀಲಿ ತಿರುಗಿಸುವಂತಿಲ್ಲ.

ನನಗೆ ಈ ಪದ್ಧತಿ ಎಷ್ಟು ಹಿಡಿಸಿತೆಂದರೆ, ರಜೆಯ ದಿನವೆಲ್ಲ ಅಲ್ಲೇ ಇರತೊಡಗಿದೆ. ಅವರು ಬಿಗಿದದ್ದನ್ನು ನಾನು ನೋಡುತ್ತಿದ್ದೆ, ನಾನು ಬಿಗಿದದ್ದನ್ನು ಅವರು. ಅವರ ಅಳತೆ ಇಂಚಿನ ಸಾವಿರದೊಂದು ಭಾಗವಾದ ‘ಥೌ’ನಲ್ಲಿ, ನನ್ನದು ಮಿಲಿಮೀಟರಿನಲ್ಲಿ. ಪಿಸ್ಟನ್ ರಿಂಗಿನ ಎರಡು ತುದಿಗಳ ನಡುವೆ ಬಿಡುವ ಸಂದಿಯ ಬಗ್ಗೆ ಒಂದು ಇಡೀ ಬೆಳಿಗ್ಗೆ ವಾದವಾಯಿತು. ಟರ್ಬೋ ಶಾಖಕ್ಕೆ ರಿಂಗು ಹಿಗ್ಗುತ್ತದೆ. ಸಂದಿ ಸಾಲದಿದ್ದರೆ ತುದಿಗಳು ಕೂಡಿ ಪಿಸ್ಟನ್ ಒಡೆಯುತ್ತದೆ.

"ಹದಿನಾರು ಥೌ," ಅವರು ಅಂದರು.

"ಸೊನ್ನೆ ಪಾಯಿಂಟ್ ನಾಲ್ಕೊಂದು," ನಾನು ಅಂದೆ.

ಲೆಕ್ಕ ಹಾಕಿ ನೋಡಿದರೆ ಎರಡೂ ಒಂದೇ. ಇಬ್ಬರಿಗೂ ನಗು ಬಂತು. ಆದರೂ ಅವರು ಬಿಡಲಿಲ್ಲ: "ನನ್ನದು ಮೊದ್ಲು ಹೇಳಿದ್ದು."

ಜೂನ್ ಇಪ್ಪತ್ತೆರಡು, ಸಂಜೆ ನಾಲ್ಕಕ್ಕೆ ಹಲಗೆ ತುಂಬಿತು. ವರ್ಕ್‌ಶಾಪಿಗೆ ಕಟ್ಟಿ ಎಳೆದು ತಂದಿದ್ದ ಕಾರಿನಲ್ಲಿ ಇಂಜಿನ್ ಮತ್ತೆ ಕೂತಿತ್ತು. ಕೀಲಿ ತಿರುಗಿಸುವ ಮೊದಲು ಮೇಸ್ತ್ರಿ ಒಳಗಿನಿಂದ ಒಂದು ಪೆಟ್ಟಿಗೆ ತಂದರು. ಅದರಲ್ಲಿ ಕೆಂಪು ಬಣ್ಣದ, ಕೊಳವೆಯಾಕಾರದ ಏರ್ ಫಿಲ್ಟರ್. ಡಬ್ಬಿಯಿಲ್ಲ, ಮುಚ್ಚಳವಿಲ್ಲ, ಟರ್ಬೋ ಬಾಯಿಗೆ ನೇರ ಸಿಕ್ಕಿಸಿ ಕ್ಲಿಪ್ಪು ಒತ್ತಿದರಾಯಿತು. "ನನ್ ಕಡೆಯಿಂದ," ಅಂದರು. ಕಾರಿನ ಮೂಲ ಫಿಲ್ಟರ್ ಡಬ್ಬಿ ಕಪ್ಪಗೆ, ದೊಡ್ಡದಾಗಿ, ಹಾಲಿನ ಪುಡಿಯ ಡಬ್ಬದ ಹಾಗಿತ್ತು. ಅದನ್ನು ಮೂಲೆಗೆ ಎಸೆದೆವು. ಇಂಜಿನ್ ಮೊದಲ ತಿರುವಿಗೇ ಹತ್ತಿಕೊಂಡಿತು. ಕಾಲಿಟ್ಟಾಗ ಆ ಫಿಲ್ಟರಿನಿಂದ ಗಾಳಿ ಒಳಗೆ ಸೆಳೆಯುವ ಸದ್ದು, ಬುಸ್ಸೆಂದು ಬಿಡುವ ಸದ್ದು.

"ಸೌಂಡು ಪಾರು ತಂಗಚ್ಚಿ, ಸೌಂಡು ನೋಡು! ಹುಲಿ ಉಸಿರಾಡ್ದಂಗೆ!"

ಬೆಂಗಳೂರಿನ ಹೊರಗೆ ಚಕ್ರದ ಬಲ ಅಳೆಯುವ ಯಂತ್ರವೊಂದಿದೆ. ಅಲ್ಲಿ ನೂರ ನಲವತ್ತೆಂಟು ತೋರಿಸಿತು. ನೂರೈವತ್ತಕ್ಕೆ ಎರಡು ಕಡಿಮೆ. ಆ ಎರಡರ ಚಿಂತೆ ನನ್ನನ್ನು ವಾರಗಟ್ಟಲೆ ಕುಟುಕಿತು.

ಹಾಗಾಗಿ ದಿನಾ ಕೆಲಸದಿಂದ ಬಂದವಳೇ ಇಂಧನ, ಕಿಡಿಯ ಹೊಂದಾಣಿಕೆ ಬದಲಿಸಿ ಓಡಿಸಿ ನೋಡುತ್ತಿದ್ದೆ. ಓಡಿಸಲು ನಮಗೆ ಇದ್ದ ಜಾಗ ಒಂದೇ, ಗುಡ್ಡದ ಪಕ್ಕದ ರಸ್ತೆ. ಗಣಿಯಿಂದ ತೆಗೆದ ಕಲ್ಲನ್ನು ಹಿಟ್ಟಿನಂತೆ ಅರೆದು, ಚಿನ್ನ ತೆಗೆದ ಮೇಲೆ ಸುರಿದ ಬೂದುಬಣ್ಣದ ಗುಡ್ಡಗಳವು. ಅಲ್ಲಿ ಜನವಿಲ್ಲ, ದನವಿಲ್ಲ, ರಸ್ತೆ ನೇರ. ಊರಿಗಾಂ, ಚಾಂಪಿಯನ್ ರೀಫ್ಸಿನಲ್ಲಿ ಬೈಕು ಕಲಿತವರೆಲ್ಲ ಅಲ್ಲೇ ಕಲಿತವರು. ಆಷಾಢದ ಗಾಳಿ ಎದ್ದಿತ್ತು. ಗುಡ್ಡದ ನೆತ್ತಿಯಿಂದ ಸಣ್ಣ ದೂಳು ಹೊಗೆಯ ಹಾಗೆ ಇಳಿದು ರಸ್ತೆ ದಾಟುತ್ತಿತ್ತು. ನಾವು ಕಿಟಕಿ ಏರಿಸಿಕೊಂಡೆವು. ನಾನು ದುಪಟ್ಟಾ ಮೂಗಿಗೆ ಕಟ್ಟಿಕೊಂಡೆ, ಮೇಸ್ತ್ರಿ ಕರ್ಚೀಫು.

ಜುಲೈ ನಡುವಿನಿಂದ ಅಳತೆ ಕಡ್ಡಿಯಲ್ಲಿ ಇಂಜಿನ್ ಎಣ್ಣೆಯ ಮಟ್ಟ ಇಳಿಯತೊಡಗಿತು. ಮೊದಲು ಕೂದಲೆಳೆಯಷ್ಟು, ಆಮೇಲೆ ಬೆರಳಗಲ. ಆಗಸ್ಟ್ ಮೂರರಂದು ಕನ್ನಡಿಯಲ್ಲಿ ನೀಲಿ ಹೊಗೆ ಕಂಡಿತು. ಸಿಲಿಂಡರುಗಳ ಒತ್ತಡ ಅಳೆದೆ. ಜೂನಿನಲ್ಲಿ ನಾಲ್ಕೂ ಚದರ ಇಂಚಿಗೆ ನೂರೈವತ್ತು ಪೌಂಡಿನ ಆಸುಪಾಸಿದ್ದವು. ಈಗ ನೂರ ಇಪ್ಪತ್ತು, ನೂರ ಹದಿನೆಂಟು, ನೂರ ಇಪ್ಪತ್ತೆರಡು, ನೂರ ಹದಿನೈದು. ಒಂದು ಬಿದ್ದಿದ್ದರೆ ಆ ಸಿಲಿಂಡರಿನ ತಪ್ಪು ಅನ್ನಬಹುದಿತ್ತು. ನಾಲ್ಕೂ ಒಟ್ಟಿಗೆ ಬಿದ್ದಿದ್ದವು.

ಅಂಗಳದಲ್ಲಿ ಅಪ್ಪನಿಗೂ ಹೊಗೆ ಕಂಡಿತು. ಶೆಡ್ಡಿನೊಳಗೆ ಹೋಗಿ ಹೆಜ್ಜೆಯಿಂದ ಅಳೆದು, ಹಸುಗಳಿಗೆ ಗೂಟ ಎಲ್ಲಿ ನೆಡುವುದು ಎಂದು ಗುರುತು ಮಾಡಿದರು. ಬೈದಿದ್ದರೆ ಚೆನ್ನಾಗಿತ್ತು.

ಮೇಸ್ತ್ರಿ ಬಳಿ ಹೋದಾಗ ಇಬ್ಬರಿಗೂ ಜಗಳವಾಯಿತು.

"ನಿನ್ ಮಿಲಿಮೀಟ್ರು ಸರಿಯಿಲ್ಲ. ಸಂದಿ ಜಾಸ್ತಿ ಆಗೈತೆ."

"ನೋಡಿ ಬಿಲ್ಲೆ ತೂಗುಹಾಕ್ದೋರು ನೀವು ಅಣ್ಣ."

"ಆಮಾ, ಹೌದು, ನಾನೇ. ಅದಕ್ಕೇ ಹೇಳ್ತಿದೀನಿ, ನನ್ ಕಣ್ಣು ಸರಿ ಇತ್ತು!"

ಹಲಗೆಯ ಮುಂದೆ ನಿಂತು ಒಂದೊಂದೇ ಬಿಲ್ಲೆ ಮುಟ್ಟಿ ನೋಡಿದೆವು. ಯಾವುದೂ ತಪ್ಪಿರಲಿಲ್ಲ. ಸುಮ್ಮನೆ ನಿಲ್ಲಲಾಗದೆ ನಾನು ಕಾರಿನ ಹತ್ತಿರ ಹೋಗಿ, ಟರ್ಬೋ ಫ್ಯಾನು ಅಲ್ಲಾಡುತ್ತದೋ ನೋಡೋಣವೆಂದು ಆ ಕೆಂಪು ಫಿಲ್ಟರಿನ ಕ್ಲಿಪ್ಪು ಬಿಡಿಸಿ, ಟರ್ಬೋ ಬಾಯಿಯ ಒಳಗೆ ಹೆಬ್ಬೆರಳು ಸವರಿದೆ. ಹೊರಗೆ ತೆಗೆದಾಗ ಬೆರಳು ಬೂದುಬಣ್ಣಕ್ಕೆ ತಿರುಗಿತ್ತು. ತೋರುಬೆರಳಿಗೆ ಉಜ್ಜಿದರೆ ಮರಳು ಕಾಗದದಂತೆ ಗರಗರ. ಫ್ಯಾನಿನ ಅಲಗುಗಳ ಅಂಚು ತಿಂದುಹೋಗಿತ್ತು.

ಬೆರಳನ್ನು ಮೇಸ್ತ್ರಿಯ ಮುಂದೆ ಹಿಡಿದೆ. ಅವರು ಅದನ್ನು ಮೂಸಿದರು, ಉಗುರಿನಿಂದ ಕೆರೆದರು.

"ಗುಡ್ಡದ ದೂಳು. ಫಿಲ್ಟರು ತಡೀಲಿಲ್ಲ," ಅಂದರು.

ಆಮೇಲೆ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. "ನಮ್ಮಪ್ಪನ ಎದೆ ತಿಂದಿದ್ದು ಇದೇ ಕಲ್ಲಿನ ದೂಳು. ಕೊನೇಗೆ ಈ ಮೆಟ್ಲು ಹತ್ತಕ್ಕೂ ಆಗ್ತಿರ್ಲಿಲ್ಲ. ಉಸಿರು ಎಳ್ಕೊಳ್ಳೋ ಸದ್ದು ಬೀದಿವರ್ಗೂ ಕೇಳೋದು. ನಾನು ಕರ್ಚೀಫು ಕಟ್ಕೊಂಡು ಪಕ್ಕದಲ್ಲಿ ಕೂತ್ಕೊಂಡು ಇಂಜಿನ್ ಬಾಯಿ ತೆಗ್ದಿಟ್ಟಿದೀನಲ್ಲ. ಅದ್ರ ಸದ್ದು ಬೇರೆ ಕೇಳಿ ಖುಷಿ ಪಟ್ಟೆ."

ನಾನೂ ದುಪಟ್ಟಾ ಕಟ್ಟಿಕೊಂಡಿದ್ದೆ. ಇಲ್ಲಿ ಹುಟ್ಟಿದವರಿಗೆ ಗಾಳಿ ಎದ್ದಾಗ ಕೈ ತಾನಾಗಿ ಮೂಗಿಗೆ ಹೋಗುತ್ತದೆ. ಅದರ ಬಗ್ಗೆ ಯೋಚಿಸುವುದೇ ಇಲ್ಲ. ಎಲ್ಲ ಬೋಲ್ಟಿಗೂ ಬಿಲ್ಲೆಯಿತ್ತು. ಫಿಲ್ಟರಿಗೆ ಬೋಲ್ಟೇ ಇರಲಿಲ್ಲ, ಬರೀ ಕ್ಲಿಪ್ಪು. ಹಾಗಾಗಿ ಬಿಲ್ಲೆಯೂ ಇರಲಿಲ್ಲ.

ಇಂಜಿನ್ ಮತ್ತೆ ಇಳಿಯಿತು. ಪುಣ್ಯಕ್ಕೆ ಸಿಲಿಂಡರ್ ಗೋಡೆ ಹೆಚ್ಚು ಸವೆದಿರಲಿಲ್ಲ. ಹೊಸದಾಗಿ ಉಜ್ಜಿ, ಬೇರೆ ರಿಂಗು ಹಾಕಿದೆವು. ಬೇರಿಂಗಿಗೂ ದೂಳು ಹತ್ತಿದ್ದರಿಂದ ಅವನ್ನೂ ಬದಲಿಸಿ, ಎಣ್ಣೆಯ ದಾರಿಗಳನ್ನೆಲ್ಲ ತೊಳೆದೆವು. ಹೊಸ ಟರ್ಬೋ ಹಬ್ಬದೊಳಗೆ ಸಿಗುವಂತಿರಲಿಲ್ಲ. ಅಲಗು ತಿಂದ ಹಳೆಯದರಲ್ಲೇ ಒತ್ತಡ ಇಳಿಸಿ ಓಡಿಸುವುದೆಂದಾಯಿತು. ಮೂಲೆಗೆ ಎಸೆದಿದ್ದ ಆ ಕಪ್ಪು ಡಬ್ಬಿಯನ್ನು ಹುಡುಕಿ, ತೊಳೆದು, ಒಳಗೆ ದಪ್ಪ ಕಾಗದದ ಫಿಲ್ಟರ್ ಇಟ್ಟು, ಅದರ ಬಾಯನ್ನು ರಸ್ತೆಯ ದೂಳಿನಿಂದ ದೂರ, ಎತ್ತರಕ್ಕೆ ತಿರುಗಿಸಿದೆವು. ಹುಲಿಯ ಉಸಿರು ನಿಂತುಹೋಯಿತು. ಮತ್ತೆ ಬಲ ಅಳೆಯಿಸಿದಾಗ ನೂರ ಇಪ್ಪತ್ತೊಂಬತ್ತು.

ಮನೆಯಲ್ಲಿ ಹೇಳಿದೆ. ಅಪ್ಪ ಮೇವು ಕತ್ತರಿಸುತ್ತಿದ್ದರು.

"ಅತ್ತೊಂಬತ್ತು ಕುದ್ರೆ ಓಗ್ಬಿಟ್ವಾ? ಓಗ್ಲಿ ಬಿಡು, ಮೇವು ಉಳೀತು."

ನನಗೆ ನಗು ಬರಲಿಲ್ಲ. ಆ ಹತ್ತೊಂಬತ್ತು ಈಗಲೂ ಕುಟುಕುತ್ತದೆ.

ಆಯುಧಪೂಜೆಯ ಬೆಳಿಗ್ಗೆ ಅಪ್ಪ ಬಸ್ಸಿನಲ್ಲಿ ಚಾಂಪಿಯನ್ ರೀಫ್ಸಿಗೆ ಬಂದರು. ಕಾರು ನಡೆದು ಬರುವುದನ್ನು ಒಳಗೆ ಕೂತೇ ನೋಡಬೇಕಂತೆ. ಹಲಗೆಯಲ್ಲಿ ಒಂದು ಹೊಸ ಮೊಳೆ ಇತ್ತು, ಅದರ ಬಿಲ್ಲೆ ಮೇಸ್ತ್ರಿಯ ಕೈಯಲ್ಲಿ. ನಂಬರು ಉಜ್ಜಿಹೋದ ಹಳೆಯ ಬಿಲ್ಲೆ. ಅವರ ತಂದೆಯದೇ ಇರಬೇಕು ಅನ್ನಿಸಿತು. ನಾನು ಫಿಲ್ಟರ್ ಆಚೆಯ ಕೊಳವೆಯಲ್ಲಿ ಬಿಳಿ ಬಟ್ಟೆ ಸವರಿದೆ. ಬಿಳಿಯಾಗೇ ಬಂತು. ಅದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿ, ಆಮೇಲೆ ಮೇಸ್ತ್ರಿ ಬಿಲ್ಲೆ ತೂಗುಹಾಕಿದರು.

ಗುಡ್ಡದ ರಸ್ತೆ ಬಿಟ್ಟು ಸುತ್ತುಹಾಕಿ ಹೊರಟೆವು. ಬೇತಮಂಗಲದ ಕೆರೆ ಏರಿಯವರೆಗೆ ಅಪ್ಪ ಎದುರಿನ ರಸ್ತೆ ನೋಡಲೇ ಇಲ್ಲ. ತಿರುಗಿ ಹಿಂದಿನ ಗಾಜಿನಲ್ಲಿ ಹೊಗೆ ಹುಡುಕುತ್ತಿದ್ದರು. ಮುಂದೆ ಹುಲ್ಲಿನ ಟ್ರ್ಯಾಕ್ಟರ್ ಬಂತು. ಎದುರು ಖಾಲಿ ಇತ್ತು. ಕಾಲಿಟ್ಟೆ. ಅಪ್ಪನ ತಲೆ ಸೀಟಿಗೆ ಬಡಿಯಿತು.

"ಬಿರ್ನೆ ಓಗು ಅಂದೋರ್ಯಾರಮ್ಮಿ!" ಎಂದು ಕೂಗಿದರು. ಆಮೇಲೆ ಮುಂದಕ್ಕೆ ತಿರುಗಿ ಕೂತು, "ಇನ್ನೊಂದ್ ಟ್ರ್ಯಾಕ್ಟ್ರು ಬತ್ತೈತಾ ನೋಡು," ಅಂದರು.

ಬಾಗಿಲಲ್ಲಿ ನಿಂತಾಗ ಅಪ್ಪ ಇಳಿದು ಹಿಂದಕ್ಕೆ ಹೋಗಿ, ಸೈಲೆನ್ಸರಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಪಂಚೆಯ ಅಂಚು ಹಿಡಿದು ನೋಡಿದರು. ಕಲೆಯಾಗಲಿಲ್ಲ. ಚಕ್ರಕ್ಕೆ ನಿಂಬೆಹಣ್ಣು ತಾವೇ ಇಟ್ಟರು. ಹಬ್ಬ ಮುಗಿದು ಹಸುಗಳು ಬಂದಿವೆ, ಶೆಡ್ಡು ಅವಕ್ಕೇ ಹೋಯಿತು. ಕಾರು ಈಗ ಹುಲ್ಲಿಗೆಂದು ತಂದಿದ್ದ ಟಾರ್ಪಾಲಿನ ಕೆಳಗೆ ನಿಲ್ಲುತ್ತದೆ. ಹುಲ್ಲು ಬಯಲಲ್ಲಿದೆ.

ಆದರೂ ನೆಮ್ಮದಿಯಿಲ್ಲ. ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಎಣ್ಣೆಯ ಕಡ್ಡಿ ತೆಗೆದು ನೋಡುತ್ತೇನೆ. ಹೊಗೆಯಿಲ್ಲ, ಒತ್ತಡ ಇಳಿದಿಲ್ಲ, ಆದರೂ ಎಣ್ಣೆ ತಿಂಗಳಿಗೆ ಕೂದಲೆಳೆಯಷ್ಟು ಕಡಿಮೆಯಾಗುತ್ತಿದೆ. ಹೊಸ ರಿಂಗು ಇನ್ನೂ ಕೂರುತ್ತಿದೆಯೋ, ತಿಂದ ಅಲಗಿನ ಟರ್ಬೋ ಕುಡಿಯುತ್ತಿದೆಯೋ, ಆ ದೂಳು ಎಲ್ಲಾದರೂ ಉಳಿದಿದೆಯೋ, ನನ್ನ ಅಳತೆಗಳಿಂದ ಗೊತ್ತಾಗುತ್ತಿಲ್ಲ. ಮೇಸ್ತ್ರಿಗೂ ಗೊತ್ತಿಲ್ಲ. ಗುಡ್ಡದ ಅಥವಾ ಕ್ವಾರಿಯ ದೂಳಿನ ನಡುವೆ ಟರ್ಬೋ ಇಂಜಿನ್ನನ್ನು ವರ್ಷಗಟ್ಟಲೆ ದಿನಾ ಓಡಿಸಿ ಬಲ್ಲವರು ಯಾರಾದರೂ ಇದನ್ನು ಓದಿದರೆ, ಎಣ್ಣೆ ಎಷ್ಟು ಇಳಿದರೆ ಹೆದರಬೇಕು, ಮೊದಲು ಎಲ್ಲಿ ಬೆರಳು ಹಾಕಿ ನೋಡಬೇಕು ಎಂದು ದಯವಿಟ್ಟು ನನಗೆ ಬರೆಯಿರಿ.