ಕುರ್ಚಿ ಮಾತ್ರ ಕೊಡಲ್ಲ

ನನ್ನ ಅಕ್ಕನ ಮಗಳಿಗೆ ಮನೆಯವರು ಇಟ್ಟ ಅಡ್ಡಹೆಸರು ಮೆಣಸಿನಕಾಯಿ. ಸುಮ್ಮನೆ ಇಟ್ಟಿದ್ದಲ್ಲ. ತಾಯಿಯಿಲ್ಲದ ಹುಡುಗಿ, ಅಪ್ಪನ ಕಟಿಂಗ್ ಶಾಪಿನಲ್ಲೇ ಬೆಳೆದಳು. ಓದು ತಲೆಗೆ ಹತ್ತಲಿಲ್ಲ, ಕತ್ತರಿ ಕೈಗೆ ಹತ್ತಿತು. ಹೆಣ್ಣು ಹುಡುಗಿ ಗಂಡಸರ ಗಡ್ಡ ಕೆರೆಯುವುದೇ ಎಂದು ಮೂಗು ಮುರಿದವರೇ ಆಮೇಲೆ ಅವಳ ಕೈಯೇ ಬೇಕೆಂದು ಬೆಂಚಿನ ಮೇಲೆ ಕಾದು ಕೂತರು. ಪಕ್ಕದ ಮಳಿಗೆಯಲ್ಲಿ ಬಟ್ಟೆ ಇಸ್ತ್ರಿ ಮಾಡುವ ನಾನು ಎಲ್ಲವನ್ನೂ ಕಣ್ಣಾರೆ ಕಂಡಿದ್ದೇನೆ.

ಭಾವ ಕಾಯಿಲೆ ಬಿದ್ದಾಗ ಕಂಡಕಂಡಲ್ಲಿ ಸಾಲವಾಯಿತು. ಅವರು ತೀರಿಕೊಂಡ ದಿನ, ಮನೆ ತುಂಬ ಜನ ನಿಂತಿರುವಾಗ, ಈ ಹುಚ್ಚು ಹುಡುಗಿ ಅಳುತ್ತಲೇ ಕೂಗಿಬಿಟ್ಟಳು: "ನಮ್ಮಪ್ಪ ಯಾರಿಗೆ ಏನು ಕೊಡ್ಬೇಕೋ ನನ್ನ ಕೇಳಿ. ಒಬ್ರಿಗೂ ಮೋಸ ಮಾಡಲ್ಲ!"

ಬೇಕಿತ್ತಾ ಈ ಮಾತು? ಮಾರನೆಯ ದಿನದಿಂದಲೇ ಸಾಲುಗಟ್ಟಿದರು. ಔಷಧಿ ಅಂಗಡಿಯವನು ಬಂದ, ಕರೆಂಟಿನವರು ಬಂದರು, ಆಸ್ಪತ್ರೆಯವರು ಫೋನಿನ ಮೇಲೆ ಫೋನು ಮಾಡಿದರು. ಬಳೆ ಮಾರಿದಳು, ಅಪ್ಪನ ಸೈಕಲ್ಲು ಮಾರಿದಳು, ಮುಖ ಗಂಟು ಹಾಕಿಕೊಂಡೇ ಎಲ್ಲರಿಗೂ ಕೊಟ್ಟಳು.

ಉಳಿದವರು ಬಡ್ಡಿ ಸಾಹುಕಾರರೊಬ್ಬರೇ. ಸಾಲ ಕೊಟ್ಟಂದಿನಿಂದ ಈ ಆಸಾಮಿಗೆ ಭಾವನ ಕೈಯಲ್ಲಿ ಬಿಟ್ಟಿ ಸೇವೆ. ಬಡ್ಡಿ ತನ್ನ ಪಾಡಿಗೆ ತಾನು ಬೆಳೆಯುತ್ತಿತ್ತು. ಗಡ್ಡ, ಮೀಸೆ, ತಲೆಗೆ ಬಣ್ಣ ಎಲ್ಲ ಪುಕ್ಕಟೆ. ದುಡ್ಡು ಕೇಳಲು ಭಾವನಿಗೆ ಸಂಕೋಚ, ಸುಮ್ಮನೆ ಎದ್ದು ಹೋಗಲು ಅವರಿಗೆ ಇಷ್ಟೂ ನಾಚಿಕೆಯಿಲ್ಲ. ಈಗ ಸಾಲದ ಬದಲು ಅಂಗಡಿಯ ಕುರ್ಚಿ ಒಯ್ಯುತ್ತೇನೆಂದು ಹೇಳಿ ಕಳಿಸಿದರು. ಹಿಂದಕ್ಕೆ ವಾಲುವ ಕಬ್ಬಿಣದ ಕುರ್ಚಿ, ಅಂಗಡಿಗೆ ಇರುವುದು ಅದೊಂದೇ. ಅದು ಹೋದರೆ ಹುಡುಗಿಯ ಅನ್ನ ಹೋದಂತೆ.

"ಕೊಟ್ಟು ಕೈ ತೊಳ್ಕೊ ಮಗಳೇ," ಎಂದರು ಅವಳ ದೊಡ್ಡಪ್ಪ. "ನಿಮ್ಮಪ್ಪನ ಹೆಸರು ಬೀದಿಗೆ ಬರೋದು ಬೇಡ."

"ಕುರ್ಚಿ ಹೋದ್ರೆ ಬೀದಿಗೆ ಬರೋದು ನಾನು ದೊಡ್ಡಪ್ಪ. ಆಗ ನಿಮ್ಮ ಮನೇಲಿ ಇಟ್ಕೋತೀರಾ?"

ದೊಡ್ಡಪ್ಪನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು.

ಸಾಹುಕಾರರು ಇಬ್ಬರು ಹಮಾಲಿಗಳನ್ನು ತಳ್ಳುಗಾಡಿ ಸಮೇತ ಕರೆದುಕೊಂಡೇ ಬಂದರು. ಇಸ್ತ್ರಿಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಓಡಿದೆ. ಮೆಣಸಿನಕಾಯಿ ಬಾಗಿಲಲ್ಲಿ ನಿಂತು ಅವರ ಮುಖವನ್ನೇ ನೋಡುತ್ತಿದ್ದಳು. ಕೆನ್ನೆ ತುಂಬ ಬಿಳಿ ಗಡ್ಡ. ಭಾವ ಹೋದ ಮೇಲೆ ಈ ಪುಣ್ಯಾತ್ಮ ದುಡ್ಡು ಕೊಡಬೇಕಾಗುತ್ತದೆಂದು ಬೇರೆಲ್ಲಿಗೂ ಹೋಗಿರಲಿಲ್ಲ!

"ಏನು ಅವತಾರ ಸಾಹುಕಾರ್ರೇ? ಮೊದ್ಲು ಕೂತ್ಕೊಳ್ಳಿ, ಗಡ್ಡ ತೆಗೀತೀನಿ."

ಬಿಟ್ಟಿ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಎನ್ನುವ ಜಾತಿಯ ಮನುಷ್ಯ. ಕೂತರು. ಅವಳು ನೊರೆ ಹಚ್ಚಿ ಕತ್ತಿ ಎಳೆಯತೊಡಗಿದಳು. ಅವರಿಗೆ ನಾಲಿಗೆ ತುರಿಸಿತು.

"ನಿಮ್ಮಪ್ಪ ಒಳ್ಳೆಯವನೇ. ಆದ್ರೆ ಮಾತಿಗೆ ನಿಲ್ಲೋ ಮನುಷ್ಯ ಅಲ್ಲ ಬಿಡು."

ಕತ್ತಿ ಗಂಟಲ ಹತ್ತಿರ ನಿಂತಿತು.

"ಬಾಯಿ ಮುಚ್ಕೊಳ್ಳಿ," ಎಂದಳು ತಣ್ಣಗೆ. "ಕೆನ್ನೆ ಅಲ್ಲಾಡಿದ್ರೆ ಗಾಯ ಆಗುತ್ತೆ."

ಹಮಾಲಿಗಳು ಕಿಸಕ್ಕೆಂದರು. ಕೆಲಸದಲ್ಲಿ ಅವಳು ಒಂದಿಷ್ಟೂ ಕೊರತೆ ಮಾಡಲಿಲ್ಲ. ಮುಖ ಒರೆಸಿ, ಕೈ ಚಾಚಿದಳು. "ದುಡ್ಡು."

"ನನ್ನ ಹತ್ರಾನೇ ಕೇಳ್ತೀಯಾ?"

"ಅಪ್ಪ ಕೇಳ್ಲಿಲ್ಲ. ನಾನು ಕೇಳ್ತೀನಿ."

ಬೆಂಚಿನಲ್ಲಿ ಕಾಯುತ್ತಿದ್ದವರೆಲ್ಲ ನೋಡುತ್ತಿದ್ದರು. ಸಾಹುಕಾರರು ಹಲ್ಲು ಕಚ್ಚಿ ಒಂದು ನೋಟು ತೆಗೆದರು. ಅವಳು ಅದನ್ನು ತೆಗೆದುಕೊಂಡು, ಅವರದೇ ಜೇಬಿಗೆ ತುರುಕಿದಳು.

"ಇದು ಅಪ್ಪನ ಸಾಲಕ್ಕೆ ಮೊದಲ ಕಂತು. ಕುರ್ಚಿ ಇಲ್ಲೇ ಇದ್ರೆ ಅಸಲು ಪೂರ್ತಿ ತೀರಿಸ್ತೀನಿ. ಬಡ್ಡಿ ನಿಮ್ಮ ಗಡ್ಡದಲ್ಲೇ ಯಾವತ್ತೋ ತೀರಿದೆ. ಕುರ್ಚಿ ಎತ್ತಿದ್ರೆ ಒಂದು ಬಿಡಿಗಾಸೂ ಹುಟ್ಟಲ್ಲ. ಎತ್ತಿಸ್ತೀರಾ?"

ಸಾಹುಕಾರರು ಎದ್ದು ಹಮಾಲಿಗಳ ಕಡೆ ತಿರುಗಿದರು. ಅಷ್ಟರಲ್ಲಿ ಒಬ್ಬ ಹಮಾಲಿ ಖಾಲಿಯಾದ ಕುರ್ಚಿಯಲ್ಲಿ ಕೂತೇಬಿಟ್ಟಿದ್ದ. "ಅಕ್ಕಾ, ನಂದೂ ಒಂಚೂರು ತೆಗೀರಿ. ದುಡ್ಡು ಕೊಡ್ತೀನಿ."

ತಳ್ಳುಗಾಡಿ ಖಾಲಿಯಾಗಿ ವಾಪಸಾಯಿತು. ಸಾಹುಕಾರರು ಕಣ್ಮರೆಯಾದ ಮೇಲೆ ನೋಡುತ್ತೇನೆ, ಹುಡುಗಿ ತೊಳೆದ ಕತ್ತಿಯನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದಾಳೆ.

"ಚಿಕ್ಕಮ್ಮಾ, ಅಪ್ಪ ಇದ್ದಿದ್ರೆ ಬೈತಿದ್ರಾ?"

"ಬೈತಿದ್ರು ಕಣೇ," ಎಂದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ಬೈಲಿ." ತೋಳಿನಿಂದ ಕಣ್ಣೊರೆಸಿಕೊಂಡಳು. "ಇದ್ದಷ್ಟು ದಿನ ಆ ಮನುಷ್ಯನ ಮುಂದೆ ನನ್ನ ಬಾಯಿ ಮುಚ್ಚಿಸಿದ್ರು. ಈಗ ಅಪ್ಪನ ಸಾಲ ನಂದು, ಮಾತೂ ನಂದೇ."