ಬಸ್ಸಾರೋ, ಉಪ್ಸಾರೋ

ನನಗೆ ಸಕ್ಕರೆ ಕಾಯಿಲೆ ಬಂದ ಮೇಲೂ ಹೆಂಡತಿ ಒಂದು ದಿನವೂ "ಅನ್ನ ಬಿಡಿ" ಎಂದವಳಲ್ಲ. ಬೆಳಿಗ್ಗೆ ಸೊಪ್ಪು ಸೋಸುತ್ತಾ, "ಮುದ್ದೆಗೆ ಬಸ್ಸಾರ್ ಮಾಡ್ಲೋ, ಉಪ್ಸಾರ್ ಮಾಡ್ಲೋ?" ಎಂದು ಕೇಳುತ್ತಿದ್ದಳು. ನಾನು ಪೇಪರಿನಿಂದ ತಲೆಯೆತ್ತಿ, ಭಾರೀ ಯೋಚಿಸಿದವನಂತೆ, "ಬಸ್ಸಾರೇ ಆಗ್ಲಿ" ಎನ್ನುತ್ತಿದ್ದೆ. ಮನೆಯ ಊಟ ನನ್ನ ಮಾತಿನಂತೆ ನಡೆಯುತ್ತಿದೆ ಎಂದೇ ತಿಳಿದಿದ್ದೆ. ಸಂಜೆ, "ವಾಕಿಂಗ್ ಹೋಗ್ತೀರಾ?" ಎಂದಿದ್ದರೆ ಮಂಡಿನೋವು ಎನ್ನುತ್ತಿದ್ದೆನೇನೋ. ಅವಳು ಕೇಳುತ್ತಿದ್ದುದು, "ಹೊಳೆ ಕಡೆಗೋ, ಬಸ್ ಸ್ಟ್ಯಾಂಡ್ ಕಡೆಗೋ?"

ಅವಳು ತೀರಿಕೊಂಡು, ಕಾರ್ಯ ಮುಗಿದು ನೆಂಟರು ಹೊರಟ ಮೇಲೆ ಅವಳ ತಂಗಿ ಒಂದು ವಾರ ಕುಶಾಲನಗರದ ನಮ್ಮ ಮನೆಯಲ್ಲೇ ಉಳಿದಳು.

"ಊಟಕ್ಕೆ ಏನ್ ಮಾಡ್ಲಿ ಭಾವ?"

"ಏನಾದ್ರೂ" ಎಂದೆ.

"ಏನಾದ್ರೂ ಅನ್ನೋ ಸಾರು ನಂಗ್ ಮಾಡಕ್ ಬರಲ್ಲ. ಅಕ್ಕ ಹೇಳ್ತಿದ್ಲು, 'ನಿಮ್ ಭಾವ ಏನ್ ಕೇಳಿದ್ರೂ ಬೇಡ ಅಂತಾರೆ ಕಣೇ, ಅದಕ್ಕೇ ಬೇಡ ಅನ್ನಕ್ ಜಾಗನೇ ಬಿಡಲ್ಲ' ಅಂತ."

ನಗುತ್ತಾ ಹೇಳಿದವಳು ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ಹೆಂಡತಿಯ ಬಸ್ಸಾರು-ಉಪ್ಸಾರಿನ ಪ್ರಶ್ನೆಯಲ್ಲಿ ಅನ್ನ ಇರಲೇ ಇಲ್ಲವೆಂದು ನನಗೆ ಗೊತ್ತಾದದ್ದು ಆಗ. ಮೊದಲು ಸಿಟ್ಟು ಬಂತು. ಸಿಟ್ಟು ಮಾಡಿಕೊಳ್ಳಲು ಅವಳಿರಲಿಲ್ಲ.

ನಾದಿನಿ ಹೋದ ಮೇಲೆ ಹಸಿವಾದಾಗ ಬೇಕರಿಯ ಬನ್ನು, ಇಲ್ಲವೇ ಕುಕ್ಕರಿನಲ್ಲಿ ಒಂದು ಹಿಡಿ ಅನ್ನ. ಎರಡು ತಿಂಗಳಲ್ಲಿ ಸಕ್ಕರೆ ಏರಿತು. "ಹೀಗೇ ಆದ್ರೆ ಮುಂದಿನ ಸಲ ಇಂಜೆಕ್ಷನ್ನೇ" ಎಂದರು ಡಾಕ್ಟರು. ಮನೆಗೆ ಬಂದು ಅಡುಗೆಮನೆಯಲ್ಲಿ ನಿಂತು ನಾನೇ ಕೇಳಿಕೊಂಡೆ: ಬಸ್ಸಾರೋ, ಉಪ್ಸಾರೋ? ಕೇಳುವವನಿಗೆ ಗುಟ್ಟು ಗೊತ್ತಿತ್ತು. ಎರಡೂ ಬೇಡ ಎಂದು ಬನ್ನಿನ ಪೊಟ್ಟಣ ಬಿಚ್ಚಿದೆ.

ಮುಂದಿನ ಸಂತೆಯ ದಿನ ಸೋಪು ತರಲೆಂದು ಹೋದೆ. ಸೊಪ್ಪು ಮಾರುವ ಹೆಂಗಸು ಎರಡೂ ಕೈಯಲ್ಲಿ ಒಂದೊಂದು ಕಟ್ಟು ಎತ್ತಿ ಹಿಡಿದು, "ಅಣ್ಣಾ, ದಂಟು ಕೊಡ್ಲಾ, ಸಬ್ಬಸಿಗೆ ಕೊಡ್ಲಾ?" ಎಂದಳು.

"ದಂಟು" ಎಂದೆ.

ಅರ್ಧ ದಾರಿಗೆ ಬಂದ ಮೇಲೆ ನೆನಪಾಯಿತು: ಸೊಪ್ಪು ಬೇಕಾ ಎಂದು ಅವಳು ಕೇಳಲೇ ಇಲ್ಲ. ನಗು ಬಂತು. ಮನೆಗೆ ಹೋಗಿ ಹೇಳಬೇಕೆಂದು ಹೆಜ್ಜೆ ಬೇಗ ಹಾಕಿದವನು ಗೇಟಿನ ಬಳಿ ನಿಂತುಬಿಟ್ಟೆ.

ಅಂದಿನ ಮುದ್ದೆ ಗಂಟುಗಂಟಾಗಿತ್ತು. ಬಸ್ಸಾರಿಗೆ ಉಪ್ಪು ಹೆಚ್ಚಾಗಿತ್ತು. ಪೂರ್ತಿ ಉಂಡೆ.

ಈಗ ಪ್ರತಿ ಸಂತೆಗೂ ಹೋಗುತ್ತೇನೆ. ಯಾವ ಸೊಪ್ಪು ಬೇಕೆಂದು ಮನೆಯಲ್ಲೇ ಗೊತ್ತಿರುತ್ತದೆ. ಆದರೂ ಸೊಪ್ಪಿನ ಹೆಂಗಸಿನ ಮುಂದೆ ಸುಮ್ಮನೆ ನಿಂತು, ಆಕೆ ಎರಡು ಕಟ್ಟು ಎತ್ತಿ ಹಿಡಿದು ಕೇಳುವವರೆಗೆ ಕಾಯುತ್ತೇನೆ.