ಎರಡೂ ಕಿವಿ ಕಾಣುವ ಫೋಟೋ

ಸಿದ್ದರಾಜಣ್ಣ ಕ್ಯಾಮೆರಾದ ಮುಂದೆ ಕೂತವರ ಕೂದಲನ್ನು ಪೆನ್ಸಿಲ್ಲಿನ ಹಿಂತುದಿಯಿಂದ ಕಿವಿಯ ಹಿಂದಕ್ಕೆ ಸರಿಸುತ್ತಿದ್ದರು. ಕೈಯಿಂದ ಯಾರನ್ನೂ ಮುಟ್ಟುತ್ತಿರಲಿಲ್ಲ. ಆ ಪೆನ್ಸಿಲ್ ಕೆಂಪು ಬಣ್ಣದ್ದು ಎಂದು ಬರೆಯಹೊರಟವಳು ನಿಲ್ಲಿಸಿದೆ, ಖಾತ್ರಿಯಿಲ್ಲ. ತುದಿಯಲ್ಲಿ ರಬ್ಬರ್ ಇತ್ತು, ಅದು ತಣ್ಣಗಿತ್ತು. ಅಷ್ಟು ಮಾತ್ರ ನನ್ನ ಕಿವಿಗೆ ನೆನಪಿದೆ.

ದೇವರಾಜ ಮೊಹಲ್ಲಾದಲ್ಲಿ ಪಾತ್ರೆ ಅಂಗಡಿಯ ಪಕ್ಕದ ಕಿರಿದಾದ ಮೆಟ್ಟಿಲು ಹತ್ತಿದರೆ ಅವರ ಸ್ಟುಡಿಯೊ. ಒಂದು ಸ್ಟೂಲು, ಬಿಳಿ ಪರದೆ, ಫ್ಯಾನಿನ ಸದ್ದಿಗಿಂತ ಜೋರಾಗಿ ಗೊರಗುಟ್ಟುವ ಕಂಪ್ಯೂಟರು. ಮದುವೆ ಫೋಟೋ ತೆಗೆಯುವುದನ್ನು ಅವರು ಎಂದೋ ಬಿಟ್ಟಿದ್ದರು. ತೆಗೆಯುತ್ತಿದ್ದದ್ದು ಅರ್ಜಿಗಳ ಫೋಟೋ ಮಾತ್ರ. ಯಾವ ಪ್ರವೇಶ ಪರೀಕ್ಷೆಗೆ ಎಷ್ಟು ಕೆಬಿ, ಯಾವುದಕ್ಕೆ ಕೆಳಗೆ ಹೆಸರು ತಾರೀಕು ಬೇಕು, ಯಾವುದಕ್ಕೆ ಕನ್ನಡಕ ಬೇಡ, ಎಲ್ಲವೂ ಬಾಯಿಪಾಠ. "ಮದ್ವೇಲಿ ನಗ್ರಿ ನಗ್ರಿ ಅಂತ ಬಡ್ಕೋಬೇಕಾಗಿತ್ತು. ಇಲ್ಲಿ ನಗ್ಬೇಡಿ ಅನ್ಬೇಕು. ಇದೇ ಸಲೀಸು, ಈ ಮಕ್ಕಳು ನಗೋದೇ ಇಲ್ವಲ್ಲ!" ಎನ್ನುತ್ತಿದ್ದರು.

ಅವರದು ಇನ್ನೊಂದು ಕ್ರಮವಿತ್ತು. ಎದುರಿನವರು ಉಸಿರು ಬಿಡುವವರೆಗೂ ಬಟನ್ ಒತ್ತುತ್ತಿರಲಿಲ್ಲ. "ಉಸಿರು ಹಿಡ್ಕೊಂಡ ಮುಖ ಕಳ್ಳನ ಮುಖ ಕಣಮ್ಮ. ಬುಡು. ಪೂರ್ತಿ ಬುಡು. ಆಂ, ಅಂಗೆ."

ನಾನು ಎರಡನೇ ಪಿಯುಸಿಯಲ್ಲಿದ್ದಾಗ ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆಯನ್ನು ಜನವರಿಯಲ್ಲೂ ಬರೆಯಬಹುದಿತ್ತು, ಏಪ್ರಿಲ್‌ನಲ್ಲೂ ಬರೆಯಬಹುದಿತ್ತು. ನಡುವೆ ಮಾರ್ಚ್‌ನಲ್ಲಿ ಬೋರ್ಡ್ ಪರೀಕ್ಷೆ. ಅಪ್ಪ ಕಡಕೊಳದ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಅವರ ಲೆಕ್ಕ ನೇರವಾಗಿತ್ತು. "ಎರಡು ಸಲ ಬರೆದ್ರೆ ನಷ್ಟ ಏನು? ಜಾಸ್ತಿ ಬಂದಿದ್ದನ್ನೇ ತಗೋತಾರೆ. ಜನವರಿದು ಬರಿ, ಸುಮ್ನೆ ನೋಡು." ಆದರೆ ಸುಮ್ಮನೆ ನೋಡುವುದು ನನ್ನಿಂದ ಆಗದ ಕೆಲಸ. ಭೌತಶಾಸ್ತ್ರದಲ್ಲಿ ಅರ್ಧ ಪಾಠ ಕಾಲೇಜಿನಲ್ಲೇ ಆಗಿರಲಿಲ್ಲ. ಜನವರಿಯಲ್ಲಿ ಬರುವ ಕೆಟ್ಟ ಅಂಕ ನನ್ನ ಕಣ್ಣಿಗೆ ಆಗಲೇ ಕಾಣುತ್ತಿತ್ತು. ಅದನ್ನು ನೋಡಿದ ಮೇಲೆ ಮಾರ್ಚ್‌ಗೆ ಪುಸ್ತಕ ತೆರೆಯಲು ಕೈ ಬರುವುದಿಲ್ಲ ಎಂಬುದು ಗೊತ್ತಿತ್ತು. ಗೊತ್ತಿತ್ತೋ, ಹೆದರಿದ್ದೆನೋ? ಆಗ ಎರಡೂ ಒಂದೇ ಅನ್ನಿಸಿತ್ತು. ಅಪ್ಪನಿಗೆ ಬೇಡ ಎನ್ನಲು ಮೂರು ವಾರ ಪ್ರಯತ್ನಿಸಿದೆ. ಊಟದ ತಟ್ಟೆಯ ಮುಂದೆ ಬಾಯಿ ತೆರೆಯುತ್ತಿದ್ದೆ, ಉಪ್ಪು ಕೇಳಿ ಮುಚ್ಚುತ್ತಿದ್ದೆ.

ನವೆಂಬರಿನಲ್ಲಿ, ಅರ್ಜಿ ಹಾಕಲು ಇನ್ನು ಎರಡೇ ದಿನ ಉಳಿದಿರುವಾಗ ಅಪ್ಪ ಫೋಟೋ ತೆಗೆಸಲು ಕಳಿಸಿದರು. ಸಿದ್ದರಾಜಣ್ಣ ಪೆನ್ಸಿಲ್ ಎತ್ತಿದಾಗ ನಾನು ಕೇಳಿಯೇಬಿಟ್ಟೆ. "ಅಣ್ಣಾ, ಒಂದು ಕಿವಿ ಕಾಣದ ಹಾಗೆ ತೆಗೀರಿ."

"ಯಾಕಮ್ಮ? ಎರಡೂ ಕಿವಿ ಕಾಣ್ದಿದ್ರೆ ಅರ್ಜಿ ವಾಪಸ್ ಕಳಿಸ್ಬುಡ್ತಾರೆ."

"ಅದಕ್ಕೇ."

ಅವರು ಪೆನ್ಸಿಲನ್ನು ತಮ್ಮ ಕಿವಿಯ ಮೇಲೆ ಸಿಕ್ಕಿಸಿಕೊಂಡು ನನ್ನನ್ನೇ ನೋಡಿದರು. ಜನವರಿ, ಏಪ್ರಿಲ್, ಅಪ್ಪ ಎಂದು ಏನೇನೋ ತೊದಲಿದೆ. ಪೂರ್ತಿ ಕೇಳಿಸಿಕೊಂಡರು.

"ನೋಡಮ್ಮ, ಕೆಟ್ಟ ಫೋಟೋ ತೆಗೆಯೋದು ನಂಗೆ ಬರಾಕಿಲ್ಲ. ಬ್ಯಾಡ ಅಂತ ಏಳೋಕೆ ನಿಂಗೆ ಬಾಯಿ ಐತಲ್ಲ? ಕಿವಿ ಯಾಕೆ ಮರೆ ಮಾಡ್ತೀಯ? ಉಸಿರು ಬುಡು."

ಒಳ್ಳೆಯ ಫೋಟೋ ಬಂತು. ಕೆಳಗೆ ನನ್ನ ಹೆಸರು, ಅಂದಿನ ತಾರೀಕು. ಪೆನ್‌ಡ್ರೈವಿಗೆ ಹಾಕಿ ಕೊಟ್ಟರು. ನಾನು ಅದನ್ನು ಕಂಪ್ಯೂಟರಿಗೆ ಹಾಕಲೇ ಇಲ್ಲ. ಕೊನೆಯ ದಿನ ದಾಟಿದ ಮೇಲೆ ಅಪ್ಪನಿಗೆ, ಫೋಟೋ ಸರಿಯಿಲ್ಲವೆಂದು ಅರ್ಜಿ ತೆಗೆದುಕೊಳ್ಳಲಿಲ್ಲ ಎಂದೆ. ಆ ರಾತ್ರಿಯ ದಿನಚರಿಯಲ್ಲಿ ಇರುವ ಸಾಲೂ ಅದೇ: 'ಸ್ಟುಡಿಯೊದವರ ತಪ್ಪಿನಿಂದ ಜನವರಿ ಹೋಯಿತು.' ಅಮ್ಮ ದಿನಚರಿ ಓದುತ್ತಾಳೆಂಬ ಅನುಮಾನದಿಂದ ಹಾಗೆ ಬರೆದೆ ಅಂದುಕೊಂಡಿದ್ದೇನೆ. ನಾನೇ ಮುಂದೆ ಓದಿ ನಂಬಲಿ ಎಂದೂ ಬರೆದಿರಬಹುದು.

ಮರುದಿನ ಅಪ್ಪ ನನ್ನನ್ನೂ ಕರೆದುಕೊಂಡು ಮೆಟ್ಟಿಲು ಹತ್ತಿದರು. ಇದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

"ಏನ್ರೀ, ಇಷ್ಟು ವರ್ಷದಿಂದ ಇದೇ ಕೆಲಸ ಮಾಡ್ತೀರ, ಒಂದು ಫೋಟೋ ನೆಟ್ಟಗೆ ತೆಗೆಯೋಕೆ ಬರಲ್ವಾ? ನನ್ನ ಮಗಳ ಒಂದು ಚಾನ್ಸೇ ಕಳೆದ್ಬುಟ್ರಲ್ರೀ!"

ಸಿದ್ದರಾಜಣ್ಣ ಅಪ್ಪನನ್ನು ನೋಡಲಿಲ್ಲ, ನನ್ನನ್ನು ನೋಡಿದರು. ನಾನು ಉಸಿರು ಹಿಡಿದು ನಿಂತಿದ್ದೆ.

"ತಪ್ಪಾಯ್ತು ಸ್ವಾಮಿ," ಎಂದರು. "ಕಿವಿ ಸರಿಯಾಗಿ ಬಂದಿರಲಿಲ್ಲ ಅಂತ ಕಾಣ್ತದೆ. ಏಪ್ರಿಲ್‌ದಕ್ಕೆ ಇಲ್ಲಿಗೇ ಕಳ್ಸಿ. ನನ್ನ ಮುಂದೇನೇ ತುಂಬ್ಲಿ."

ಫೆಬ್ರವರಿಯಲ್ಲಿ ಹೋದೆ. ಆ ಮಾತು ಅವರು ಎತ್ತಲಿಲ್ಲ. ಅರ್ಜಿ ಪೂರ್ತಿ ತುಂಬಿಸಿ, ಮೌಸನ್ನು ನನ್ನ ಕಡೆ ತಳ್ಳಿ, "ಕೊನೇ ಬಟನ್ ನೀನೇ ಒತ್ತು" ಎಂದರು. ಒತ್ತಿದೆ. ಏಪ್ರಿಲ್‌ನಲ್ಲಿ ಬರೆದೆ. ಬಂದ ಅಂಕ ಒಳ್ಳೆಯದೂ ಅಲ್ಲ, ಕೆಟ್ಟದೂ ಅಲ್ಲ. ಕೊನೆಗೆ ಬಿಎಸ್ಸಿ ಸೇರಿದೆ. ಜನವರಿಯಲ್ಲೂ ಬರೆದಿದ್ದರೆ? ಮುಂದೆ ಸಂಖ್ಯಾಶಾಸ್ತ್ರವನ್ನೇ ಓದಿದೆ. ಅದರಲ್ಲೂ ಉತ್ತರ ಸಿಗಲಿಲ್ಲ.

ಈಗ ನನ್ನನ್ನು ಕಾಡುವುದು ಬೇರೆಯೇ. ಅಪ್ಪ ಕಾರ್ಖಾನೆಯ ಕ್ಯಾಂಟೀನಿನಲ್ಲಿ ವರ್ಷಗಟ್ಟಲೆ ಹೇಳುತ್ತಿದ್ದರು, "ಆ ಪಾತ್ರೆ ಅಂಗಡಿ ಮೇಲಿನವನ ಹತ್ರ ಮಾತ್ರ ಮಕ್ಕಳನ್ನ ಕಳಿಸ್ಬೇಡಿ ಕಣ್ರಪ್ಪ." ಎಷ್ಟು ಜನ ಕೇಳಿದರೋ, ಎಷ್ಟು ಮಕ್ಕಳು ಬೇರೆ ಮೆಟ್ಟಿಲು ಹತ್ತಿದರೋ.

ಕೊನೆಯ ಸಲ ಅವರನ್ನು ಕಂಡದ್ದು ಎಂಎಸ್ಸಿ ಮುಗಿದ ಮೇಲೆ, ಕೆಲಸದ ಅರ್ಜಿಯೊಂದಕ್ಕಾಗಿ. ಸ್ಟೂಲಿನ ಮೇಲೆ ಧೂಳಿತ್ತು. ಇತ್ತೇ, ಅಥವಾ ನನ್ನ ತಪ್ಪು ಅದನ್ನು ಅಲ್ಲಿ ಕೂರಿಸಿದೆಯೇ? ಅವರು ಕರ್ಚೀಫಿನಿಂದ ಸ್ಟೂಲು ಒರೆಸಿದ್ದು ಮಾತ್ರ ನಿಜ. ಕ್ಷಮೆಯನ್ನೂ ಕೇಳಬೇಕೆಂದುಕೊಂಡು ಹೋಗಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಅವರು ಡ್ರಾಯರಿನಿಂದ ಒಂದು ಚಿಕ್ಕ ಕವರ್ ತೆಗೆದು ಕೊಟ್ಟರು. ಅದರಲ್ಲಿ ಆ ನವೆಂಬರಿನ ಫೋಟೋ.

"ಒಳ್ಳೇ ಫೋಟೋ ಕಣಮ್ಮ. ಬಿಸಾಕೋಕೆ ಮನಸ್ಸು ಬರ್ಲಿಲ್ಲ. ನೋಡು, ಎರಡೂ ಕಿವಿ ಬಂದದೆ."

ಹೆದರಿದ ಮುಖ ಎಂದು ನೆನಪಿಟ್ಟುಕೊಂಡಿದ್ದೆ. ಫೋಟೋದ ಹುಡುಗಿ ಹೆದರಿದಂತೆ ಕಾಣುವುದಿಲ್ಲ, ಆಗಷ್ಟೇ ಉಸಿರು ಬಿಟ್ಟವಳಂತೆ ಇದ್ದಾಳೆ. ಅದನ್ನು ದಿನಚರಿಯ ಆ ಸುಳ್ಳು ಸಾಲಿನ ಪಕ್ಕ ಅಂಟಿಸಿದ್ದೇನೆ. ಸಾಲನ್ನು ಹೊಡೆದುಹಾಕಿಲ್ಲ.

ಕಳೆದ ತಿಂಗಳು ಅಪ್ಪನ ಸ್ಕೂಟರಿನ ಹಿಂದೆ ಕೂತು ಆ ದಾರಿಯಲ್ಲಿ ಬರುತ್ತಿದ್ದೆ. ಸ್ಟುಡಿಯೊದ ಬೋರ್ಡ್ ಇರಲಿಲ್ಲ. ಮೇಲಿನ ಶಟರ್ ಎಳೆದಿತ್ತು, ಪಾತ್ರೆ ಅಂಗಡಿಯವರು ಮೆಟ್ಟಿಲ ಮೇಲೆಲ್ಲ ಕೊಡಗಳನ್ನು ಜೋಡಿಸಿದ್ದರು. ಸಿದ್ದರಾಜಣ್ಣ ತೀರಿಕೊಂಡು ಆರು ತಿಂಗಳಾಯಿತೆಂದು ಅಪ್ಪನಿಗೆ ಯಾರೋ ಹೇಳಿದ್ದರಂತೆ.

"ಪಾಪ," ಎಂದರು ಅಪ್ಪ. "ನಿನ್ನ ಫೋಟೋ ಕೆಡಿಸಿದ್ದು ಇವರೇ ಅಲ್ವಾ?"

ಉಸಿರು ಬಿಟ್ಟೆ. "ಕೆಡಿಸಿರಲಿಲ್ಲ ಅಪ್ಪಾ. ಫೋಟೋ ಚೆನ್ನಾಗೇ ಇತ್ತು. ನಾನೇ ಅರ್ಜಿ ಹಾಕಲಿಲ್ಲ."

"ಏನಂದೆ? ಗಾಡಿ ಸದ್ದಲ್ಲಿ ಕೇಳಿಸ್ಲಿಲ್ಲ."

ಎರಡನೇ ಸಲ ಹೇಳುವುದು ಮೊದಲನೆಯದಕ್ಕಿಂತ ಕಷ್ಟವಾಯಿತು. ಹೇಳಿದೆ.

ಅಪ್ಪ ಸ್ಕೂಟರನ್ನು ಪಕ್ಕಕ್ಕೆ ನಿಲ್ಲಿಸಿ ಹೆಲ್ಮೆಟ್ ತೆಗೆದರು. ಬೈಯುತ್ತಾರೆಂದು ಕಾದೆ. ಅವರು ತಿರುಗಿ, ಕೊಡಗಳ ಸಾಲಿನ ಮೇಲಿದ್ದ ಆ ಶಟರನ್ನೇ ನೋಡುತ್ತಿದ್ದರು.

"ಮತ್ತೆ ಅವತ್ತು ನನ್ನ ಹತ್ರ ಅಷ್ಟೆಲ್ಲ ಬೈಸ್ಕೊಂಡ್ರಲ್ಲೇ ಆ ಮನುಷ್ಯ," ಎಂದರು.